ಐಸ್ ಗೋದಾಮಿನ ಜಮಖಾನ

ನಾನು ಒಂದು ಜಮಖಾನ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ, ಒಂದು ಮನೆಯ ಒಳಕೋಣೆಯಲ್ಲಿ, ಬಾಗಿಲು ಹಾಕಿದ ಕತ್ತಲೆಯಲ್ಲಿ ಹುಟ್ಟಿದೆ. ಬಾಗಿಲು ಹಾಕಿದ್ದಕ್ಕೆ ಕಾರಣವಿತ್ತು. ಆ ಮನೆಯಲ್ಲಿ ನೇಯುವವರು ಹೆಂಗಸರು. ನೇಯ್ಗೆಯ ಗುಟ್ಟನ್ನು ಸೊಸೆಗೆ ಕಲಿಸುತ್ತಿದ್ದರು, ಮಗಳಿಗೆ ಕಲಿಸುತ್ತಿರಲಿಲ್ಲ. ಮಗಳು ನಾಳೆ ಇನ್ನೊಬ್ಬರ ಮನೆ ಸೇರುವವಳು. ಗುಟ್ಟು ಅವಳ ಸೆರಗು ಹಿಡಿದು ಹೊರಟುಬಿಟ್ಟರೆ ಏನು ಗತಿ? ಹೀಗಾಗಿ ನಾನು ಕಣ್ಣು ಬಿಟ್ಟದ್ದೇ ಬಚ್ಚಿಟ್ಟ ವಸ್ತುವಾಗಿ. ನಿಲುಮಗ್ಗಕ್ಕೆ ಮೇಲೂ ಕೆಳಗೂ ಬಿಗಿದು, ಕಬ್ಬಿಣದ ಹಣಿಗೆಯಿಂದ ಎಳೆ ಎಳೆಗೂ ಏಟು ಹಾಕಿ ನನ್ನನ್ನು ಗಟ್ಟಿ ಮಾಡಿದರು. ಏಟು ತಿಂದು ಸುಮ್ಮನಿರುವುದನ್ನು ಹುಟ್ಟುವ ಮೊದಲೇ ಕಲಿತೆ. ಮುಂದೆ ಬಹಳ ಉಪಯೋಗಕ್ಕೆ ಬಂತು.

ನೇಯ್ದವಳು ಪೀರಮಾ, ಅರವತ್ತು ದಾಟಿದ ಮುದುಕಿ. ನೇಯ್ದದ್ದು ಮಗಳ ಮಗಳು ಜೈಬುನ್ನಿಸಾಳಿಗಾಗಿ. ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿದ್ದ ಆಕೆಗೆ ಅಮೆರಿಕದಲ್ಲಿದ್ದ ಒಬ್ಬ ಡಾಕ್ಟರ ಜೊತೆ ನಿಕಾಹ್ ಗೊತ್ತಾಗಿತ್ತು. ನನ್ನ ಮೈ ಕೆಂಪು, ಅಂಚು ಕಪ್ಪು, ನಡುವೆ ಉದ್ದಕ್ಕೂ ಸಾಲಾಗಿ ಏಳು ಹಳದಿ ಕಮಾನು. ಒಂದು ಕಮಾನು ಅಂದರೆ ನಮಾಜಿಗೆ ನಿಲ್ಲುವ ಒಬ್ಬರ ಜಾಗ.

"ಏಳ ಕಮಾನ ಹಾಕೀನಿ ನೋಡ. ಏಳ ಮಂದಿ ಸಾಲಾಗಿ ನಿಂದ್ರಬೇಕು ನಿನ್ನ ಮನ್ಯಾಗ," ಎಂದಳು ಪೀರಮಾ.

"ಏಳ ಮಂದಿನ್ನ ಎಲ್ಲಿಂದ ತರ್ಲಿ ನಾನಿ?"

"ನೀ ಗಣಿತದಾಗ ಎಂ.ಎಸ್ಸಿ. ಮಾಡೀಯಲಾ. ನೀನ ಲೆಕ್ಕ ಹಾಕು."

ಕಮಾನಿನ ತುದಿ ಮಕ್ಕಾದ ಕಾಬಾದ ಕಡೆಗೆ, ಕಿಬ್ಲಾ ಎನ್ನುವ ದಿಕ್ಕಿಗೆ ಇರಬೇಕು, ಹಣೆ ಅಲ್ಲಿ ನೆಲ ಮುಟ್ಟಬೇಕು. ಅಂದರೆ ನಾನು ದಿಕ್ಕು ತೋರಿಸುವ ವಸ್ತು. ಆದರೆ ಯಾವ ದಿಕ್ಕು ತೋರಿಸಬೇಕು ಎಂಬುದು ಹಾಸಿದವನ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ. ನವಲಗುಂದದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಹೊತ್ತು ಮುಳುಗುವ ಕಡೆ ತುದಿ ಮಾಡಿ ಹಾಸಿದರಾಯಿತು. ಮೂರು ವರ್ಷದ ಮಗುವೂ ಹಾಸುತ್ತದೆ.

೧೯೬೭ರಲ್ಲಿ ಹಾಸಿಗೆ ಸುರುಳಿಯೊಳಗೆ ಕುತ್ತಿಗೆ ಬಿಗಿಸಿಕೊಂಡು, ಉಪ್ಪಿನಕಾಯಿ ಭರಣಿಯ ಪಕ್ಕ ಕೂತು ನಾನು ಸಮುದ್ರ ದಾಟಿದೆ. ಬಿಚ್ಚಿದಾಗ ಅಮೆರಿಕದ ನಡುಮಧ್ಯದ ಹಾರ್ಲೋ ಎಂಬ ಸಣ್ಣ ಊರಲ್ಲಿದ್ದೆ. ಸುತ್ತ ಕಣ್ಣು ಹಾಯುವವರೆಗೂ ಗೋವಿನಜೋಳ. ಡಾಕ್ಟರು ಬೆಳಗ್ಗೆ ಆಸ್ಪತ್ರೆಗೆ ಹೋದರೆ ಬರುವುದು ಯಾವಾಗ ಎಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಕಿಟಕಿಯಾಚೆ ಐದು ತಿಂಗಳು ಹಿಮ. ಜೈಬುನ್ನಿಸಾ ನನ್ನನ್ನು ಪೂರ್ತಿ ಹಾಸಲು ಜಾಗ ಸಾಲದೆ ಅರ್ಧ ಮಡಚಿ ಹಾಸಿ, ಅದರ ಮೇಲೆ ಕೂತು ಗೋಡೆಯ ಜೊತೆ ಕನ್ನಡ ಮಾತಾಡುತ್ತಿದ್ದಳು. ಗೋಡೆಗೆ ಬರುತ್ತಿರಲಿಲ್ಲ. ಉತ್ತರ ಕೊಡಲಾಗದಿದ್ದರೂ ಕೇಳಿಸಿಕೊಳ್ಳುತ್ತಿದ್ದವನು ನಾನೊಬ್ಬನೇ.

ಮನೆಯಲ್ಲಿ ಏಳು ಜನ ಆಗುವ ಲಕ್ಷಣವಿರಲಿಲ್ಲ. ಒಂದು ಚಳಿಗಾಲ ಕಳೆದ ಮೇಲೆ ಅವಳು ನನ್ನನ್ನು ಸುತ್ತಿ ಹಸೀಬ್ ಸಾಹೇಬರ ನಮಾಜಿನ ಹಾಲ್‌ಗೆ ಕೊಟ್ಟುಬಿಟ್ಟಳು.

ಹಸೀಬ್ ಊರಿನ ಕಿರಾಣಿ ಅಂಗಡಿಯವನು. ಹನ್ನೆರಡನೆಯ ವಯಸ್ಸಿಗೆ ಲೆಬನಾನಿನ ಬೆಟ್ಟದ ಹಳ್ಳಿಯಿಂದ ಚಿಕ್ಕಪ್ಪನ ಬೆರಳು ಹಿಡಿದು ಹಡಗು ಹತ್ತಿದ್ದ. ಬೆನ್ನ ಮೇಲೆ ಪೆಟ್ಟಿಗೆ ಹೊತ್ತು, ಜೋಳದ ಹೊಲಗಳ ನಡುವೆ ಮನೆಮನೆಗೆ ಸೂಜಿ, ದಾರ, ಲೇಸು ಮಾರಿ, ಕೊನೆಗೆ ಅಂಗಡಿ ಇಟ್ಟ. ಅಂಗಡಿಯ ಹಿಂದೆ ಹಳೆಯ ಐಸ್ ಗೋದಾಮು ಇತ್ತು. ಎರಡು ಪದರ ಹಲಗೆ, ನಡುವೆ ಮರದ ಹೊಟ್ಟು ತುಂಬಿದ ಗೋಡೆ, ಒಂದೂ ಕಿಟಕಿ ಇಲ್ಲ. ಮಂಜುಗಡ್ಡೆ ಕರಗಬಾರದೆಂದು ಕಟ್ಟಿದ ಗೋಡೆಗಳ ಒಳಗೆ ಈಗ ಮುಸಲ್ಮಾನರು ಇದ್ದರು. ಅವರೂ ಈ ದೇಶದಲ್ಲಿ ಕರಗಬಾರದು ಎಂಬುದೇ ಹಸೀಬನ ಆಸೆ. ಹಾಗಾಗಿ ಕಟ್ಟಡ ತಕ್ಕುದಾಗಿಯೇ ಇತ್ತು.

೧೯೩೪ರಲ್ಲಿ ಹಸೀಬ್ ಊರಿನ ಶಾಲೆಗೆ ಹೋಗಿ, ಗೋಡೆಯ ಮೇಲಿನ ಪ್ರಪಂಚದ ನಕ್ಷೆಯಲ್ಲಿ ಹಾರ್ಲೋದಿಂದ ಮಕ್ಕಾಕ್ಕೆ ಅಡಿಪಟ್ಟಿ ಇಟ್ಟು ಗೆರೆ ಎಳೆದಿದ್ದನಂತೆ. ಪೂರ್ವ, ಕೊಂಚ ದಕ್ಷಿಣಕ್ಕೆ. ಆ ಗೆರೆಯನ್ನು ತಂದು ಗೋದಾಮಿನ ನೆಲದ ಮೇಲೆ ಸುಣ್ಣದಲ್ಲಿ ಹಾಕಿದ. ನಾನು ಬಂದ ಮೇಲೆ ನನ್ನನ್ನು ಆ ಗೆರೆಗೆ ಹೊಂದಿಸಿ, ಗೇಣಿಗೊಂದರಂತೆ ನಲವತ್ತನಾಲ್ಕು ಮೊಳೆ ಹೊಡೆದ. ಗಾಳಿಯೇ ಬಾರದ ಕೋಣೆಯಲ್ಲಿ ನಾನು ಹಾರಿಹೋಗುತ್ತೇನೆ ಎಂದು ಅವನಿಗೆ ಏಕೆ ಅನ್ನಿಸಿತೋ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಒಬ್ಬೊಬ್ಬರದು ಒಂದೊಂದು ಬಗೆ. ನಾನು ನವಲಗುಂದದ ಜಮಖಾನ. ನನ್ನ ಕಿವಿಗೆ ಎಲ್ಲವೂ ನಮ್ಮೂರ ಮಾತಾಗಿಯೇ ಬೀಳುತ್ತದೆ. ಬಿದ್ದಂತೆ ಹೇಳುತ್ತೇನೆ.

ಮೊಳೆ ಹೊಡೆಸಿಕೊಂಡ ವಸ್ತುವಿಗೆ ಜಗತ್ತು ಅಂದರೆ ಕಾಲುಗಳು. ಶುಕ್ರವಾರ ನನ್ನ ಮೇಲೆ ಭೂಗೋಳವೇ ಬಂದು ನಿಲ್ಲುತ್ತಿತ್ತು. ಅಲ್ಬೇನಿಯಾದ ಹೋಟೆಲಿನವನ ಕಾಲಿಗೆ ಈರುಳ್ಳಿ ಹುರಿದ ವಾಸನೆ. ಬೋಸ್ನಿಯಾದ ಗೌಂಡಿಯ ಹಿಮ್ಮಡಿಯ ಬಿರುಕಿನಲ್ಲಿ ಸಿಮೆಂಟ್. ಕೆಲವರು ಎರಡು ಪಾದಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಶಿಸ್ತಾಗಿ ನಿಲ್ಲುವರು; ಕೆಲವರು ಪಕ್ಕದವನ ಕಿರುಬೆರಳಿಗೆ ತಮ್ಮ ಕಿರುಬೆರಳು ತಾಗಿಸಲೇಬೇಕೆಂದು ಕಾಲು ಅಗಲಿಸುವರು; ಪಕ್ಕದವನು ನಾಚಿ ಕಾಲು ಎಳೆದುಕೊಂಡಷ್ಟೂ ಇವರು ಬೆನ್ನಟ್ಟುವರು. ಒಬ್ಬ 'ಆಮೀನ್' ಎಂದು ಗೋಡೆ ನಡುಗಿಸಿದರೆ, ಇನ್ನೊಬ್ಬ ತನ್ನ ಮೀಸೆಗೂ ಕೇಳದಂತೆ ಅನ್ನುವನು. ನಮಾಜಿನ ಕೊನೆಯ ಸಲಾಮು ಮುಗಿದ ಮೇಲೆ ನಿಜವಾದ ಇಸ್ಲಾಂ ಯಾರ ಅಜ್ಜಿಯದು ಎಂಬ ಬಗ್ಗೆ ಚಹಾ ಕುಡಿಯುತ್ತ ಚರ್ಚೆ.

ಇವರಲ್ಲಿ ನನಗೆ ಬಹಳ ಹಿಡಿಸಿದ್ದು ಜಕರಿಯಾನ ಪಾದ. ಆರಡಿ ಮೂರಂಗುಲದ ಕಪ್ಪು ಮನುಷ್ಯ, ಊರಿನ ಅಂಚೆಯಣ್ಣ, ದಿನಕ್ಕೆ ಹನ್ನೆರಡು ಮೈಲಿ ನಡೆದು ಹಲಗೆಯಂತಾದ ಪಾದ. ಚಿಕಾಗೋದಲ್ಲಿ ಯುವಕನಾಗಿದ್ದಾಗ ಇಸ್ಲಾಮಿಗೆ ಬಂದಿದ್ದ.

"ನೀ ಹೊಸದಾಗಿ ಬಂದಾಂವ," ಎಂದು ಹಸೀಬ್ ಅವನನ್ನು ಆಗಾಗ ಕೆಣಕುವನು.

"ಹೊಸಬ ನೀನಪಾ ಮುದುಕಾ. ನಮ್ಮ ಮಂದಿ ಇನ್ನೂರು ವರ್ಷದ ಹಿಂದ ಇಲ್ಲಿಗೆ ಬಂದಾರ. ಟಿಕೀಟಿಲ್ಲದ. ಸರಪಳಿಯೊಳಗ. ಅವರಾಗೂ ನಮಾಜ ಮಾಡೂವರು ಇದ್ರು. ಮಾಡಾಕ ಬಿಟ್ಟಿರಬೇಕಲ್ಲ."

ಆಗ ಹಸೀಬ್ ಅವನ ಲೋಟಕ್ಕೆ ಇನ್ನೊಂದಿಷ್ಟು ಚಹಾ ಸುರಿಯುವನು.

ಗೋದಾಮಿನ ಹಿಂಭಾಗದಲ್ಲಿ ಅಡ್ಡ ಪರದೆ, ಅದರ ಹಿಂದೆ ಹೆಂಗಸರು. ಅವರಿಗೆ ಜಮಖಾನ ಇರಲಿಲ್ಲ, ತಣ್ಣಗಿನ ಬೋಳು ನೆಲ. ಪರದೆ ನೆಲದಿಂದ ಗೇಣು ಮೇಲೆ ನಿಂತಿದ್ದರಿಂದ ಬೇರೆ ಯಾವ ಗಂಡಸಿಗೂ ಕಾಣದ್ದು ನನಗೆ ಕಾಣುತ್ತಿತ್ತು. ಬಹಳ ದಿನ ಅಲ್ಲಿ ಇದ್ದದ್ದು ಎರಡೇ ಜೋಡಿ ಕಾಲು. ಒಂದು ಜೈಬುನ್ನಿಸಾಳದು. ಇನ್ನೊಂದು ಹಸೀಬನ ಹೆಂಡತಿ ನಜ್ಲಾಳದು, ದಪ್ಪ ಕಾಲುಚೀಲದ, ಸದಾ ಊದಿಕೊಂಡ ಕಾಲು. ಹಿಮದ ನಾಡಿಗೆ ಬಂದು ಕಂಗಾಲಾಗಿದ್ದ ಜೈಬುನ್ನಿಸಾಳಿಗೆ ಅಂಗಡಿಯಲ್ಲಿ ಕೊತ್ತಂಬರಿ ಕಟ್ಟು ಕೊಟ್ಟು, ಆಮೇಲೆ ಮಗಳಂತೆ ಹಿಡಿದಿಟ್ಟುಕೊಂಡವಳು ಈ ನಜ್ಲಾ.

ಒಂದು ಶನಿವಾರ ಬೆಳಗ್ಗೆ ಇಬ್ಬರೂ ನನ್ನನ್ನು ಬ್ರಷ್ ಹಾಕಿ ಉಜ್ಜುತ್ತಿದ್ದರು. ಜೈಬುನ್ನಿಸಾ ಇದ್ದಕ್ಕಿದ್ದಂತೆ ಬ್ರಷ್ ಕೆಳಗಿಟ್ಟಳು.

"ಚಾಚಿ, ಒಂದ ಮಾತ ಹೇಳ್ಲಿ? ಸಿಟ್ಟಾಗಬಾರದು. ಈ ಜಮಖಾನ ಹಾಸಿದ ದಿಕ್ಕ ತಪ್ಪೈತಿ."

"ಯಾರಂದ್ರು?"

"ಲೆಕ್ಕ. ಭೂಮಿ ದುಂಡಗೈತೆಲ್ಲ. ನಕ್ಷಿ ಮ್ಯಾಲ ನೆಟ್ಟಗ ಕಂಡದ್ದು ದುಂಡನ್ನ ಭೂಮಿ ಮ್ಯಾಲ ನೆಟ್ಟಗ ಇರೂದಿಲ್ಲ. ಇಲ್ಲಿಂದ ಮಕ್ಕಾಕ್ಕ ನೆಟ್ಟಗಿನ ದಾರಿ ಈಶಾನ್ಯಕ್ಕ ಐತಿ. ನಾ ಮೂರು ಸಲ ಲೆಕ್ಕ ಹಾಕೀನಿ."

ನಜ್ಲಾ ನಕ್ಕಳು. ಆ ನಗು ನನ್ನ ಎಳೆಗಳವರೆಗೂ ಇಳಿಯಿತು. "ಹಂಗಾದ್ರ ಮೂವತ್ನಾಕು ವರ್ಷದಿಂದ ನಾವು ಸಮುದ್ರಕ್ಕ ನಮಾಜ ಮಾಡಾಕತ್ತೀವಿ ಅನ್ನು."

"ಚಾಚಾಗ ಹೇಳ್ಲೇನು?"

"ಬ್ಯಾಡ." ನಗು ಹೋಗಿತ್ತು. "ಅವ ಓದಿದಾಂವ ಅಲ್ಲ. ಈ ದೇಶದಾಗ ಅವ ತನ್ನ ಕೈಯಿಂದ ಹಾಕಿದ್ದು ಅದೊಂದ ಗೆರಿ. ಅದನ್ನ ಅಳಿಸಬ್ಯಾಡ. ನೀ ಲೆಕ್ಕದ ಕಡೆ ನಿಂದ್ರು. ನಾ ನನ್ನ ಗಂಡ ನಿಂತ ಕಡೆ ನಿಂದ್ರತೀನಿ. ಅವ ತಪ್ಪಿದ್ರ ದೇವರು ಅವನ್ನ ಕೇಳ್ಲಿ."

ಅಂದಿನಿಂದ ಪರದೆಯ ಹಿಂದೆ ಒಂದು ವಿಚಿತ್ರ ನೋಟ. ಎರಡು ಜೋಡಿ ಕಾಲುಗಳು, ಒಂದೇ ನಮಾಜು, ಎರಡು ದಿಕ್ಕು. ಊದಿದ ಕಾಲುಗಳು ಗಂಡಸರ ಕಡೆಗೇ ನೆಟ್ಟಗೆ. ಪಕ್ಕದ ಎಳೆಯ ಕಾಲುಗಳು ಎಡಕ್ಕೆ ಹೊರಳಿ. ಮುಂದೆ ನಿಂತು ನಮಾಜು ನಡೆಸುತ್ತಿದ್ದ ಹಸೀಬನಿಗೆ ಬೆನ್ನ ಹಿಂದಿನ ಈ ಬಂಡಾಯದ ಸುಳಿವೂ ಇರಲಿಲ್ಲ. ಮೊಳೆಗಳ ಕೆಳಗಿದ್ದ ನನಗೆ ಮಾತ್ರ ಗೊತ್ತು. ನಾನು ಯಾರಿಗೆ ಹೇಳಲಿ?

೧೯೭೧ರಲ್ಲಿ ನಜ್ಲಾ ತೀರಿಕೊಂಡಳು. ಮುಸಲ್ಮಾನರನ್ನು ಹೂಳುವಾಗ ಬಲಮಗ್ಗುಲಿಗೆ ಮಲಗಿಸಿ ಮುಖವನ್ನು ಕಾಬಾದ ಕಡೆಗೆ ಮಾಡುತ್ತಾರೆ. ಅದಕ್ಕೆ ತಕ್ಕಂತೆಯೇ ಗೋರಿ ತೋಡಬೇಕು. ಊರಾಚೆಯ ಸ್ಮಶಾನದ ಮೂಲೆಯಲ್ಲಿ ಹಸೀಬ್ ತನ್ನ ಅಡಿಪಟ್ಟಿಯ ಗೆರೆ ನೋಡಿಯೇ ಗೋರಿ ತೋಡಿಸಿದ. ಪಕ್ಕದಲ್ಲಿ ತನಗೆ ಜಾಗ ಬಿಡಿಸಿದ. ಹೆಂಗಸರು ಅಲ್ಲಿಗೆ ಹೋಗಲಿಲ್ಲ. ಜೈಬುನ್ನಿಸಾ ಪರದೆಯ ಹಿಂದೆ ಒಬ್ಬಳೇ ಕೂತು ನೆಲಕ್ಕೆ ಹೇಳಿದಳು: "ಬಾಯಿ ಬಿಡಬೇಕಾಗಿತ್ತ ನಾ. ಬಿಡ್ಲಿಲ್ಲ." ಎಂಟು ವರ್ಷ ಆ ಮಾತು ಕಿಟಕಿಯಿಲ್ಲದ ಆ ಕೋಣೆಯಲ್ಲೇ ಉಳಿಯಿತು.

ಎಂಟನೆಯ ವರ್ಷ ಫರ್ರುಖ್ ಬಂದ. ಲಾಹೋರಿನ ಹುಡುಗ, ಮೂವತ್ತು ಮೈಲಿ ದೂರದ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವವನು. ಕಾಲುಚೀಲ ಬೆಳ್ಳಗೆ, ಮಾತು ಚೂಪು, ಮನಸ್ಸು ಕೆಟ್ಟದ್ದಲ್ಲ. ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಉದ್ದನೆಯ ಕಾಗದ ಬಿಚ್ಚಿದ. ಕಾಗದ ನನ್ನ ನಾಲ್ಕು ಕಮಾನಿನ ಮೇಲೆ ಹರಡಿತು.

"ಅಜ್ಜಾರ, ನಮ್ಮ ಕಿಬ್ಲಾ ತಪ್ಪೈತಿ. ಐವತ್ತು ಡಿಗ್ರಿ ಮ್ಯಾಲ ತಪ್ಪೈತಿ. ಕಂಪ್ಯೂಟರ ಹೇಳೇತಿ."

"ಕಂಪ್ಯೂಟರ ಹಜ್‌ಗೆ ಹೋಗೇತೇನು?" ಎಂದ ಹಸೀಬ್. ಎಲ್ಲರೂ ನಕ್ಕರು. ಫರ್ರುಖ್ ನಗಲಿಲ್ಲ. ವಿಮಾನಗಳು ಅರಬ್ ದೇಶಕ್ಕೆ ಹೇಗೆ ಉತ್ತರದ ಮೇಲಿಂದ ಹಾರುತ್ತವೆ ಎಂದು ವಿವರಿಸಿದ. ವಿವರಿಸಿದಷ್ಟೂ ನಗು ಕಡಿಮೆಯಾಯಿತು. ಅಲ್ಬೇನಿಯಾದವನು ಕೆಮ್ಮಿದ. ಜಕರಿಯಾ ಕಾಗದವನ್ನು ಎತ್ತಿ, ತಿರುಗಿಸಿ, ಕೆಳಗಿಟ್ಟ.

ಆಗ ಹಸೀಬ್ ಕೇಳಿದ, ಬಹಳ ಮೆಲ್ಲಗೆ: "ಹಂಗಾದ್ರ ನಜ್ಲಾ?"

ಫರ್ರುಖನಿಗೆ ನಜ್ಲಾ ಯಾರೆಂದೇ ಗೊತ್ತಿರಲಿಲ್ಲ.

"ನನ್ನ ಹೇಂತಿನ್ನ ನಾನ ಮಣ್ಣಾಗ ಮಲಗಿಸೀನಿ. ಈ ಗೆರಿ ನೋಡಿ ಮಲಗಿಸೀನಿ. ನೀ ಕಾಗದ ತಂದು ತಪ್ಪು ಅಂತೀ. ಕಿಯಾಮತ್ತಿನ ತನಕ, ಲೋಕ ಮುಗಿಯೂತನಕ ಆಕಿನ್ನ ಬ್ಯಾರೆ ಕಡೆ ಮಾರಿ ಮಾಡಿ ಮಲಗಿಸೀನಿ ಅಂದಂಗಾತು. ಈ ಗೆರಿ ನಾ ಸಾಯೂತನಕ ಅಳಿಸೂದಿಲ್ಲ."

ಎದ್ದು ಹೋದ. ಮುಂದಿನ ನಾಲ್ಕು ಶುಕ್ರವಾರ ನನ್ನ ಮೇಲೆ ನಡೆದದ್ದು ನಮಾಜೋ ಕುಸ್ತಿಯೋ ಹೇಳುವುದು ಕಷ್ಟ. ಹಿರಿಯರು ಕಮಾನಿನ ನೇರಕ್ಕೆ ನಿಂತರು. ಫರ್ರುಖ್ ಮತ್ತು ಅವನ ಮೂವರು ಗೆಳೆಯರು ಅದೇ ಸಾಲಿನಲ್ಲಿ ಓರೆಯಾಗಿ ನಿಂತರು. ಸಜದಾಕ್ಕೆ, ಹಣೆ ನೆಲಕ್ಕೆ ಹಚ್ಚಲು, ಬಗ್ಗಿದಾಗ ಬೋಸ್ನಿಯಾದ ಗೌಂಡಿಯ ತಲೆಗೂ ಮಲೇಷಿಯಾದ ಹುಡುಗನ ತಲೆಗೂ ಡಿಕ್ಕಿ. ದೇವರ ಹೆಸರು ಹೇಳುತ್ತಿರುವಾಗ ಬೈಯುವಂತಿಲ್ಲ. ಸಲಾಮು ತಿರುಗಿಸಿದ ತಕ್ಷಣ ಬೈಯಬಹುದು, ಬೈದುಕೊಂಡರು. ಐದನೆಯ ವಾರ ಜನ ಅರ್ಧಕ್ಕೆ ಇಳಿದರು. ಹಸೀಬ್ ಖಾಲಿ ಜಾಗದ ಮುಂದೆ ನಿಂತು, ಗಂಟಲು ಸರಿಪಡಿಸಿಕೊಂಡು, ನಮಾಜು ಶುರುಮಾಡುತ್ತಿದ್ದ. ತಾನೇ ಕಟ್ಟಿದ ಮಸೀದಿ ತನ್ನಿಂದಲೇ ಖಾಲಿಯಾಗುತ್ತಿದೆ ಎಂದು ಅವನ ಕಾಲಿಗೆ ಗೊತ್ತಿತ್ತು.

ಆಗ ಜೈಬುನ್ನಿಸಾ ಬಂದಳು. ಮಂಗಳವಾರ ಮಧ್ಯಾಹ್ನ, ಹಾಲ್‌ನಲ್ಲಿ ಹಸೀಬ್ ಒಬ್ಬನೇ ಇದ್ದ. ಪರದೆಯನ್ನು ಪಕ್ಕಕ್ಕೆ ಸರಿಸಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಮುಂಭಾಗಕ್ಕೆ ನಡೆದು ಬಂದು ಕೂತಳು. ಕೈಯಲ್ಲಿ ಅವನ ಅಂಗಡಿಯದೇ ಒಂದು ಖರಬೂಜ, ದಾರದ ಉಂಡೆ, ಎರಡು ಲವಂಗ. ಖರಬೂಜಕ್ಕೆ ಎರಡು ಕಡೆ ಲವಂಗ ಚುಚ್ಚಿದಳು.

"ಇದು ಹಾರ್ಲೋ. ಇದು ಮಕ್ಕಾ. ತೊಟ್ಟ ಇರೂ ಕಡೆ ಉತ್ತರ. ದಾರ ಬಿಗಿಯಾಗಿ ಹಿಡೀರಿ ಚಾಚಾ."

ಹಸೀಬ್ ಸೂಜಿ ದಾರ ಮಾರಿದ ಕೈಯವನು. ಬಿಗಿಯಾಗಿ ಎಳೆದ. ದಾರ ತಾನಾಗಿ ಮೇಲಕ್ಕೆ, ಖರಬೂಜದ ತೊಟ್ಟಿನ ಕಡೆಗೆ ಸರಿಯಿತು. ಅವನು ಹೆಬ್ಬೆರಳಿನಿಂದ ಅದನ್ನು ಕೆಳಗೆ, ತನ್ನ ಗೆರೆಯ ಕಡೆಗೆ ಒತ್ತಿದ. ಕೈ ಬಿಟ್ಟ ಕೂಡಲೇ ದಾರ ಮತ್ತೆ ಮೇಲೆ ಹೋಯಿತು. ಮೂರು ಸಲ ಒತ್ತಿದ. ನಾಲ್ಕನೆಯ ಸಲ ಒತ್ತಲಿಲ್ಲ.

"ಎಷ್ಟ ದಿನದಿಂದ ಗೊತ್ತು ನಿನಗ?"

"ಬಂದ ಮೊದಲನೇ ಚಳಿಗಾಲದಿಂದ."

"ಆಕಿ ಇದ್ದಾಗ?"

"ಆಕಿಗೂ ಹೇಳಿದ್ದೆ ಚಾಚಾ. ಆಕೀನ ಬ್ಯಾಡ ಅಂದಳು. ನೀ ಲೆಕ್ಕದ ಕಡೆ ನಿಂದ್ರು, ನಾ ನನ್ನ ಗಂಡ ನಿಂತ ಕಡೆ ನಿಂದ್ರತೀನಿ ಅಂದಳು."

ಹಸೀಬ್ ದಾರವನ್ನು ಬೆರಳಿಗೆ ಸುತ್ತಿಕೊಂಡ. ಆಮೇಲೆ ಸಿಟ್ಟು ಬಂತು. "ಇಬ್ಬರೂ ಕೂಡಿ ನನ್ನ ಬೆನ್ನ ಹಿಂದ ನಕ್ಕೀರಿ!"

"ನಾ ನಗಲಿಲ್ಲ. ಆಕಿ ನಕ್ಕಳು."

"ನಕ್ಕಳೇನು?" ಅವನ ದನಿ ಬೇರೆಯಾಯಿತು. "ಹ್ಯಾಂಗ ನಕ್ಕಳು?"

ಜೈಬುನ್ನಿಸಾ ಹೇಳಿದಳು. ಸಮುದ್ರಕ್ಕೆ ನಮಾಜು ಮಾಡುತ್ತಿದ್ದೇವೆ ಅಂದದ್ದನ್ನೂ ಹೇಳಿದಳು. ಮುದುಕನ ಗಂಟಲಿನಿಂದ ಒಂದು ಸದ್ದು ಬಂತು. ನಗುವೋ ಅಳುವೋ ಕೆಳಗಿದ್ದ ನನಗೆ ತಿಳಿಯಲಿಲ್ಲ. ಎರಡು ಹನಿ ನನ್ನ ಮೂರನೆಯ ಕಮಾನಿನ ಮೇಲೆ ಬಿದ್ದವು.

"ಇನ್ನೊಂದು ಐತಿ," ಎಂದಳು ಅವಳು. "ಸಮಾಧಾನಕ್ಕ ಹೇಳೂ ಮಾತಲ್ಲ, ಲೆಕ್ಕಾನ ಹೇಳ್ತೀನಿ. ನಿಮ್ಮ ಗೆರಿ ಸುಳ್ಳಲ್ಲ. ದಿಕ್ಸೂಚಿಯೊಳಗ ಆ ಒಂದ ದಿಕ್ಕ ಹಿಡದು, ಎಲ್ಲೂ ಬದಲ ಮಾಡದ ಹೊಂಟ್ರ ಅದೂ ಮಕ್ಕಾಕ್ಕ ಮುಟ್ಟತೈತಿ. ಹಳೇ ಹಡಗಿನವರು ಹೋಗೂ ಲೆಕ್ಕ ಅದು. ಸುತ್ತ ಆಕ್ಕೈತಿ, ಅಷ್ಟ. ಆದ್ರ ನಿಂತ ಜಾಗಾದಿಂದ ನೆಟ್ಟಗ ಮಾರಿ ಮಾಡೂದು ಅಂದ್ರ ಈ ದಾರದ ದಾರಿ."

"ಹಡಗಿನವರ ಲೆಕ್ಕ," ಎಂದ ಹಸೀಬ್. ಖರಬೂಜವನ್ನು ಕೈಯಲ್ಲಿ ತಿರುಗಿಸುತ್ತ ಕೂತ. ಕೊನೆಗೆ ಲವಂಗ ಕಿತ್ತು, ಅದನ್ನು ಹೆಚ್ಚಿ, ಅವಳಿಗೆ ದೊಡ್ಡ ಹೋಳು ಕೊಟ್ಟ. ರಸ ನನ್ನ ಮೇಲೆ ಸುರಿಯಿತು. ಇಬ್ಬರೂ ಗಮನಿಸಲಿಲ್ಲ.

ಶುಕ್ರವಾರ ಅವನೇ ಸುತ್ತಿಗೆ ತಂದು ನಲವತ್ತನಾಲ್ಕು ಮೊಳೆ ಕಿತ್ತ. ಯಾರಿಗೂ ಮುಟ್ಟಗೊಡಲಿಲ್ಲ. ನನ್ನನ್ನು ಓರೆಯಾಗಿ ತಿರುಗಿಸಿದಾಗ ಗೋದಾಮಿನ ಅಗಲ ಸಾಲಲಿಲ್ಲ. ಎರಡು ಕಮಾನು ಗೋಡೆಗೆ ಹತ್ತಿ ನಿಂತವು. ಕತ್ತರಿ ಹಿಡಿದ ಫರ್ರುಖ್ ಹಿಂಜರಿದ. ಹಸೀಬ್ ಚೀಸ್ ಕೊಯ್ಯುವ ಚಾಕು ತಂದು ಎರಡು ಕಮಾನನ್ನು ಕೊಯ್ದೇಬಿಟ್ಟ. ನೋವಾಯಿತೇ ಎಂದು ಕೇಳಬೇಡಿ. ಅಂಚು ಬಿಚ್ಚಿಹೋಗದಂತೆ ಆಮೇಲೆ ಜೈಬುನ್ನಿಸಾ ಹೊಲಿದಳು, ಹಸೀಬ್ ಮತ್ತೆ ಮೊಳೆ ಹೊಡೆದ. ಪೀರಮಾ ನೋಡಿದ್ದರೆ ಆ ಹೊಲಿಗೆಗೆ ಏನೆನ್ನುತ್ತಿದ್ದಳೋ. ಕೊಯ್ದ ತುಂಡನ್ನು ಕಸಕ್ಕೆ ಹಾಕುವಷ್ಟರಲ್ಲಿ ಪರದೆಯ ಹಿಂದಿನಿಂದ ಕೈಯೊಂದು ಚಾಚಿಕೊಂಡಿತು.

"ಅದನ್ನ ಇತ್ತ ಕೊಡ್ರಿ. ಹನ್ನೊಂದ ವರ್ಷಾತು ಕಾಲ ಥಂಡ ಆಗಿ."

ಹೀಗೆ ಹೆಂಗಸರಿಗೂ ಒಂದು ಹಾಸು ಸಿಕ್ಕಿತು. ಅದಕ್ಕಾಗಿ ನಾನು ಏಳರಿಂದ ಐದಕ್ಕೆ ಇಳಿಯಬೇಕಾಯಿತು.

ನಮಾಜಿನ ಮುಂದಾಳತ್ವವನ್ನು ಹಸೀಬ್ ಬಿಟ್ಟುಕೊಟ್ಟು ಸಾಲಿಗೆ ಬಂದು ನಿಂತ. ಜನ ಮರಳಿ ಬಂದರು. ಎಲ್ಲರ ಹೆಬ್ಬೆರಳೂ ಈಶಾನ್ಯಕ್ಕೆ. ಫರ್ರುಖ್ ಓದು ಮುಗಿಸಿ ಇದೇ ಊರಲ್ಲಿ ಕೆಲಸ ಹಿಡಿದು ಮಸೀದಿಯ ಕಾರ್ಯದರ್ಶಿಯಾದ. ಮುದುಕನನ್ನು ಪ್ರತಿ ಶುಕ್ರವಾರ ಕೈಹಿಡಿದು ಏಳಿಸುವ ಕೆಲಸವೂ ಅವನದೇ ಆಯಿತು. ಒಂದು ದಿನ ಹಾಗೆ ಏಳಿಸಲು ಬಂದಾಗ ಹಸೀಬ್ ಏಳಲಿಲ್ಲ.

"ಕುಂದ್ರು ಇಲ್ಲೆ. ಜಕರಿಯಾ, ನೀನೂ ಕೇಳಸ್ಕೋ. ನಾ ಸತ್ರ ನನ್ನ ನಜ್ಲಾನ ಬಾಜೂಕ ಮಲಗಸ್ರಿ. ಆಕಿ ಹ್ಯಾಂಗ ಮಲಗ್ಯಾಳೋ ಹಂಗ."

"ಬಾಜೂಕ ಸರಿ ಅಜ್ಜಾರ," ಎಂದ ಫರ್ರುಖ್. "ಆದ್ರ ಮಾರಿ... ಈಗ ದಿಕ್ಕ ಗೊತ್ತಾಗೇತಿ. ಗೊತ್ತಿಲ್ಲದ ಮಾಡಿದ್ರ ಮಾಫಿ ಐತಿ. ಗೊತ್ತಿದ್ದೂ ಹ್ಯಾಂಗ ಮಾಡೂದು?"

"ಆಕಿಗೂ ಗೊತ್ತಿತ್ತು," ಎಂದ ಹಸೀಬ್.

ಫರ್ರುಖ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೆವೆತ ಅಂಗೈಯನ್ನು ನನ್ನ ಅಂಚಿಗೆ ಒರೆಸಿಕೊಂಡ.

೧೯೮೩ರ ಫೆಬ್ರವರಿಯಲ್ಲಿ ಹಸೀಬ್ ಹೋದ. ಜನಾಜಾ, ಅಂದರೆ ಶವಯಾತ್ರೆ, ಹೊರಡುವಾಗ ಹೊರಗೆ ಹಿಮ ಬೀಳುತ್ತಿತ್ತು. "ಈ ಮುದುಕನಿಗೆ ಚಳಿ ಅಂದ್ರ ಆಗ್ತಿರಲಿಲ್ಲ," ಎಂದು ಜಕರಿಯಾ ನನ್ನ ಮೊಳೆ ಕಿತ್ತು, ನನ್ನನ್ನು ಎತ್ತಿ ಶವದ ಮೇಲೆ ಹೊದಿಸಿದ. ಹದಿನೈದು ವರ್ಷದ ಮೇಲೆ ನಾನು ಆಕಾಶ ನೋಡಿದೆ. ಅಷ್ಟೊಂದು ಜಾಗವನ್ನು ಏನು ಮಾಡಬೇಕೆಂದು ತಿಳಿಯದೆ ಮುದುಡಿಕೊಂಡೆ.

ಗೋರಿ ತೋಡುವವನು ನಜ್ಲಾಳ ಗೋರಿಗೆ ಸಮನಾಗಿಯೇ ತೋಡಿಟ್ಟಿದ್ದ. ಹಸೀಬ್ ಬಿಡಿಸಿಟ್ಟ ಜಾಗ ಇದ್ದದ್ದೂ ಅಷ್ಟೇ. ಉಳಿದ ನಾಲ್ಕಾರು ಹೊಸ ಗೋರಿಗಳು ಆಚೆ ಬೇರೆ ದಿಕ್ಕಿನಲ್ಲಿ ಸಾಲುಗಟ್ಟಿದ್ದವು. ದೇಹವನ್ನು ಒಳಗಿಳಿಸಿ ಮಲಗಿಸಬೇಕಾದವನು ಫರ್ರುಖ್. ಗುಂಡಿಗೆ ಇಳಿದು ನಿಂತು ಜೇಬಿನಿಂದ ದಿಕ್ಸೂಚಿ ತೆಗೆದ. ಹಿಮ ಅದರ ಗಾಜಿನ ಮೇಲೆ ಬಿತ್ತು, ಒರೆಸಿದ. ಆಚೆ ಸಾಲು ನೋಡಿದ.

"ಸ್ವಲ್ಪ ಓರೆ ಮಾಡಿ ಅಗಲ ಮಾಡಿಸಬಹುದು. ಅರ್ಧಾ ತಾಸಿನ ಕೆಲಸ," ಎಂದ, ಯಾರ ಮುಖವನ್ನೂ ನೋಡದೆ. "ನಾಳೆ ದೇವರ ಮುಂದ ನಾ ಏನ ಹೇಳ್ಲಿ?"

ಮೇಲೆ ಹನ್ನೆರಡು ಜನ ನಿಂತಿದ್ದರು. ಜಕರಿಯಾ ಗುಂಡಿಯ ಅಂಚಿಗೆ ಮೊಣಕಾಲೂರಿ ಕೂತ.

"ತಮ್ಮಾ, ನಮ್ಮ ಹಿರಿಯಾರನ್ನ ಹತ್ತಿ ಹೊಲದ ಬದುವಿನಾಗ ಹುಗದ್ರು. ಯಾವ ಕಡೆ ಮಾರಿ ಮಾಡಲಿ ಅಂತ ಅವರನ್ನ ಯಾರೂ ಕೇಳ್ಲಿಲ್ಲ. ಅವರಿಗೆ ಹೇಳಾಕೂ ಬರ್ತಿರಲಿಲ್ಲ. ಅವರನ್ನ ದೇವರು ಹುಡುಕ್ಕೊಂಡಿರಬೇಕಲ್ಲ? ಇವ ಒಬ್ಬ ಬಾಯಿ ಬಿಟ್ಟು ಕೇಳ್ಯಾನ. ಕೇಳಿದವಗರೆ ಕೊಡು."

ಫರ್ರುಖ್ ಅಂಗೈಯ ದಿಕ್ಸೂಚಿಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಅದನ್ನು ಮುಚ್ಚಿ, ಕೈ ಮೇಲೆತ್ತಿ ಜಕರಿಯಾನಿಗೆ ಕೊಟ್ಟ.

"ಇದನ್ನ ಹಿಡೀರಿ. ಎರಡೂ ಕೈ ಬೇಕು ನನಗ."

ಮುದುಕನನ್ನು ಬಲಮಗ್ಗುಲಿಗೆ ಮಲಗಿಸಿ, ಬೆನ್ನಿಗೆ ಮಣ್ಣಿನ ಹೆಂಟೆ ಆನಿಸಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿದ. ಪಕ್ಕದಲ್ಲಿದ್ದವಳು ಹೇಗಿದ್ದಳೋ ಹಾಗೆ.

ನನ್ನನ್ನು ಮತ್ತೆ ಒಯ್ದು ಮೊಳೆ ಹೊಡೆದರು. ಇನ್ನೂ ಇಪ್ಪತ್ತು ವರ್ಷ ಅಲ್ಲೇ ಇದ್ದೆ. ಮಾಂಸದ ಕಾರ್ಖಾನೆಗೆ ದುಡಿಯಲು ಸೋಮಾಲಿಗಳು ಬಂದರು. ಉದ್ದ, ತೆಳು, ದಣಿದ ಕಾಲುಗಳು. ೨೦೦೧ರ ಕೊನೆಯಲ್ಲಿ, ಮೊದಲ ಬಾರಿಗೆ, ನನ್ನ ಮೇಲೆ ತಪಾಸಣೆಗೆ ಬಂದ ಪೊಲೀಸರ ಬೂಟುಗಳು ಬಂದವು. ವಿನಯದ ಬೂಟುಗಳು, ಕ್ಷಮೆ ಕೇಳಿಕೊಂಡೇ ನಡೆದವು. ಆದರೂ ನಡೆದವು. ಜನ ಹೆಚ್ಚಾಗಿ ಊರಾಚೆ ದೊಡ್ಡ ಮಸೀದಿ ಎದ್ದಿತು. ಅಲ್ಲಿ ಗೋಡೆಯಿಂದ ಗೋಡೆಗೆ ಯಂತ್ರದ ಕಾರ್ಪೆಟ್ಟು, ಎಲ್ಲರ ಜೇಬಿನಲ್ಲೂ ದಿಕ್ಕು ತೋರಿಸುವ ಫೋನು. ಈಗ ಜಗಳ ಕಾರು ನಿಲ್ಲಿಸುವ ಜಾಗದ ಬಗ್ಗೆ.

ನಾನು ಆ ಮಸೀದಿಯ ಕೆಳಮನೆಯ ಕಪಾಟಿನಲ್ಲಿ, ಸುರುಳಿಯಾಗಿ, ಹಗ್ಗ ಕಟ್ಟಿಸಿಕೊಂಡು, ಮಡಿಸುವ ಕುರ್ಚಿಗಳ ಹಿಂದೆ ಇದ್ದೇನೆ. ಸುರುಳಿ ಸುತ್ತಿದ ಮೇಲೆ ನನ್ನ ಐದು ಕಮಾನುಗಳಲ್ಲಿ ಒಂದೊಂದು ಒಂದೊಂದು ಕಡೆ ನೋಡುತ್ತದೆ. ಸರಿಯಾದ ದಿಕ್ಕು ತೋರಿಸುವ ಹೊಣೆ ತಪ್ಪಿದ ಮೇಲೆ ಯೋಚನೆಗೆ ಬಿಡುವು ಸಿಕ್ಕಿದೆ. ನನಗೆ ಇಷ್ಟು ಅನ್ನಿಸುತ್ತದೆ: ಮೊಳೆಯ ಕೆಳಗೆ ಸಿಕ್ಕಿಕೊಂಡು ಒಂದು ಕಡೆ ತಿರುಗಿರುವುದು ಬೇರೆ; ಎಲ್ಲ ತಿಳಿದು, ಬಿಡಿಸಿಕೊಳ್ಳಬಹುದಾಗಿದ್ದೂ, ಒಬ್ಬರ ಪಕ್ಕ ಹಾಗೇ ಇರುತ್ತೇನೆ ಅನ್ನುವುದು ಬೇರೆ. ಮೊದಲನೆಯದು ನನಗೆ ಚೆನ್ನಾಗಿ ಗೊತ್ತು. ಎರಡನೆಯದನ್ನು ಇಬ್ಬರು ಮನುಷ್ಯರಲ್ಲಿ ನೋಡಿದ್ದೇನೆ.

ಸ್ಮಶಾನದಲ್ಲಿ ಈಗ ಮುನ್ನೂರು ಗೋರಿಗಳಿವೆಯಂತೆ. ಕುರ್ಚಿ ತೆಗೆಯಲು ಬಂದವರು ಮಾತಾಡಿಕೊಂಡರು. ಎಲ್ಲವೂ ಒಂದೇ ದಿಕ್ಕಿಗೆ, ಸಾಲು ಸಾಲಾಗಿ. ಹುಲ್ಲು ಕತ್ತರಿಸುವವನು ಯಂತ್ರದ ಮೇಲೆ ಕೂತು ಈ ತುದಿಯಿಂದ ಆ ತುದಿಗೆ ಸರಾಗ ಹೋಗುತ್ತಾನೆ. ಮೂಲೆಯ ಎರಡು ಗೋರಿಗಳ ಹತ್ತಿರ ಮಾತ್ರ ಯಂತ್ರ ತಿರುಗುವುದಿಲ್ಲ. ಅವನು ಪ್ರತಿ ಸಲವೂ ಬೈಯುತ್ತಾನೆ. ಬೈದುಕೊಂಡೇ ಕೆಳಗಿಳಿದು, ಮೊಣಕಾಲೂರಿ, ಅವೆರಡರ ಹುಲ್ಲನ್ನು ಕೈಯಿಂದ ಕತ್ತರಿಸುತ್ತಾನೆ.